ಪಿಳ್ಳಮ್ಮತ್ತೆಯ ಹಗೇವು

ನಮ್ಮ ಪಿಳ್ಳಮ್ಮತ್ತೆಗೆ ಒಂದು ಅಭ್ಯಾಸವಿತ್ತು. ಹೊತ್ತು ಇಳಿಯುವ ವೇಳೆಗೆ ಅಂಗಳಕ್ಕೆ ಬಂದು, ಹೊಂಗೆ ಮರದಿಂದ ಸ್ವಲ್ಪ ದೂರದಲ್ಲಿ ನೆಲಕ್ಕೆ ಸಮನಾಗಿ ಹೂತಿದ್ದ ಚಪ್ಪಡಿ ಕಲ್ಲಿನ ಮೇಲೆ ಅಂಗೈ ಇಡುತ್ತಿದ್ದಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಕಣ್ಣು ಅರ್ಧ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಅದೇ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಏನತ್ತೆ ನೋಡಿದ್ದು ಎಂದು ಕೇಳಿದರೆ ಯಾವಾಗಲೂ ಒಂದೇ ಉತ್ತರ.

"ಮಲಗೈತೆ ಕಣವ್ವಾ. ಒಳ್ಳೇ ನಿದ್ದೆ."

ಮಲಗಿದ್ದದ್ದು ರಾಗಿ. ಸೂಲಿಬೆಲೆ ಕಡೆಯ ನಮ್ಮೂರಿನಲ್ಲಿ ಆಗ ಗಟ್ಟಿ ಮಣ್ಣಿನ ಅಂಗಳವಿದ್ದವರೆಲ್ಲ ಹಗೇವು ಇಟ್ಟುಕೊಂಡಿದ್ದರು. ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ದೊಡ್ಡದು. ಸುತ್ತಲೂ ಹುಲ್ಲು ಹಾಸಿ, ಆಳುದ್ದದ ಕತ್ತನ್ನು ಖಾಲಿ ಬಿಟ್ಟು ಚೆನ್ನಾಗಿ ಒಣಗಿದ ರಾಗಿ ತುಂಬಿ, ಕಲ್ಲು ಮುಚ್ಚಿ, ಸಂದಿಗೆ ಮಣ್ಣು ಸಗಣಿ ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ಒಂದು ಸಲ ತೆಗೆದರೆ ಮಾತ್ರ ಎಲ್ಲವನ್ನೂ ತೆಗೆಯಬೇಕು. ಗಾಳಿ ಹೊಕ್ಕ ರಾಗಿ ಆಮೇಲೆ ನಿಲ್ಲುವುದಿಲ್ಲ.

ಅತ್ತೆ ಅಪ್ಪನ ಅಕ್ಕ. ಮದುವೆಯಾಗಿ ಅನುಗೊಂಡನಹಳ್ಳಿ ಕಡೆಗೆ ಹೋದವಳು, ಗಂಡ ತೀರಿಕೊಂಡ ಮೇಲೆ ಮಕ್ಕಳಿಲ್ಲದೆ ತವರಿಗೆ ಬಂದಳು. ಬಂದವಳು ಅಡಿಗೆಮನೆಯನ್ನು ನಮ್ಮಮ್ಮನಿಂದ ಕಿತ್ತುಕೊಳ್ಳಲಿಲ್ಲ. ಹಗೇವು ನಾನು ನೋಡ್ಕೋತೀನಿ ಅಂದಳಂತೆ, ಅಷ್ಟೇ. ಮುಂದಿನ ವರ್ಷಗಳು ಅವಳಿಗೆ ಪಕ್ಕದ ಬೀದಿಯಷ್ಟು ಹತ್ತಿರ. ಕರು ಹುಟ್ಟಿದ ದಿನವೇ ಆ ಕರು ಹಾಕುವ ಕರುವಿಗೆ ಹೆಸರು ಹುಡುಕುತ್ತಿದ್ದಳು. ಇಷ್ಟೊಂದು ತಾಳ್ಮೆಯವಳಿಗೆ ಕಾಫಿ ಮಾತ್ರ ಒಂದು ಗಳಿಗೆಯೂ ತಡವಾಗಕೂಡದು. ಲೋಟ ಕೈಗೆ ಬರುವ ತನಕ ಅವಳು ಹಾಕುತ್ತಿದ್ದ ಕೂಗು ಆಚೆ ಬೀದಿಗೂ ಕೇಳುತ್ತಿತ್ತು, ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಅರವತ್ತರ ದಶಕದ ಮೊದಮೊದಲು, ನಾನಿನ್ನೂ ಲಂಗ ಹಾಕುತ್ತಿದ್ದ ಕಾಲದಲ್ಲಿ, ಒಂದು ವರ್ಷ ರಾಗಿ ತುಂಬ ಚೆನ್ನಾಗಿ ಬಂತು. ನಮ್ಮ ಎರಡು ಹಗೇವುಗಳಲ್ಲಿ ದೊಡ್ಡದನ್ನು ಅತ್ತೆ ಆ ರಾಗಿಯಿಂದಲೇ ತುಂಬಿಸಿದಳು. ಒಂದೊಂದು ಮೂಟೆಯಿಂದಲೂ ನಾಲ್ಕು ಕಾಳು ಹಲ್ಲಿನಲ್ಲಿ ಕಡಿದು ನೋಡಿ, ಕಟಕ್ ಎಂದರೆ ಮಾತ್ರ ಒಳಗೆ ಸುರಿಯಲು ಬಿಟ್ಟಳು. ಕಲ್ಲು ಮುಚ್ಚಿದ ಮೇಲೆ ಸಂದಿಗೆ ಮಣ್ಣು ಮೆತ್ತುವ ಕೆಲಸ ನನ್ನದೂ ಅವಳದೂ. ಇದನ್ನು ಯಾವಾಗ ತೆಗೆಯುತ್ತೀವಿ ಎಂದು ಕೇಳಿದೆ.

"ಇದು ನಿನ್ನ ಮಗೀನ ರಾಗಿ ಸರಿಗೆ," ಅಂದಳು. "ಹಳೇ ರಾಗಿ ತಂಪು ಕಣವ್ವಾ. ಹಸುಗೂಸಿನ ಹೊಟ್ಟೆಗೆ ಹಗುರ."

ನನಗೋ ಆಗ ಹಾಲುಹಲ್ಲು ಬೀಳುತ್ತಿದ್ದವು. ನನ್ನ ಮಗು ಎಂದದ್ದು ಕೇಳಿ ನಕ್ಕು ಮಣ್ಣಿನ ಮೇಲೇ ಹೊರಳಾಡಿದೆ. ಅತ್ತೆ ನಗಲಿಲ್ಲ. ನನ್ನ ಹೆಗಲ ಮೇಲಿನಿಂದ ಎತ್ತಲೋ ನೋಡುತ್ತಿದ್ದಳು, ಆ ಮಗು ಅಲ್ಲೇ ಹೊಂಗೆ ಮರದ ಕೆಳಗೆ ಅಂಬೆಗಾಲಿಡುತ್ತಿದೆಯೇನೋ ಎನ್ನುವಂತೆ.

ಅಪ್ಪನದು ಬೇರೆಯೇ ಸ್ವಭಾವ. ಕೆಟ್ಟವನಲ್ಲ, ಆತುರಗಾರ. ಊಟಕ್ಕೆ ಕೂತರೆ ಮುದ್ದೆ ಆರುವ ಮೊದಲೇ ಮುರಿದು ಬೆರಳು ಸುಟ್ಟುಕೊಳ್ಳುತ್ತಿದ್ದ. ನಮ್ಮ ಕಡೆ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುವವರು ಹೆಚ್ಚುತ್ತಿದ್ದ ಕಾಲ ಅದು. ರಾಗಿಯಾದರೆ ವರ್ಷಕ್ಕೊಂದು ಸಲ. ಹುಳುವಾದರೆ ತಿಂಗಳೊಪ್ಪತ್ತಿನಲ್ಲಿ ಗೂಡು, ಗೂಡು ಮಾರಿದ ಸಂಜೆಯೇ ಕೈಗೆ ಕಾಸು. ಅಪ್ಪ ಅದಕ್ಕೆ ಮನಸೋತ. ಹೊಲಗಳು ಒಂದೊಂದಾಗಿ ಹಿಪ್ಪುನೇರಳೆಯಾದವು. ಮನೆಗೆ ರೇಡಿಯೋ ಬಂತು, ಅಪ್ಪನ ಕೈಗೆ ಗಡಿಯಾರ ಬಂತು. ಆ ಗಡಿಯಾರವನ್ನು ಅವನು ಎಷ್ಟು ಸಲ ನೋಡಿಕೊಳ್ಳುತ್ತಿದ್ದನೆಂದರೆ, ಅತ್ತೆ ಒಂದು ದಿನ, "ತಾಳಪ್ಪಾ, ಅದು ಓಡೋಗಾಕಿಲ್ಲ," ಅಂದಳು.

ಆಮೇಲೆ ಒಂದು ವರ್ಷ ಎಲ್ಲೆಲ್ಲೂ ರಾಗಿ ಸಾಲದೆ ಬಂತು. ನಮ್ಮಲ್ಲಿ ಚಿಕ್ಕ ಹಗೇವಿನ ರಾಗಿ ಇತ್ತು, ಊಟಕ್ಕೆ ಅಡ್ಡಿಯಿರಲಿಲ್ಲ. ದೊಡ್ಡ ಹಗೇವಿನ ಸುದ್ದಿ ಹೇಗೋ ದೊಡ್ಡಬಳ್ಳಾಪುರದ ಒಬ್ಬ ಮಂಡಿಯವನ ಕಿವಿಗೆ ಬಿದ್ದು ಅವನು ಎತ್ತಿನ ಗಾಡಿಗಳೊಂದಿಗೆ ಬಂದಿಳಿದ. ಒಳ್ಳೆಯ ಬೆಲೆ ಹೇಳಿದ. ಅಪ್ಪನ ಕಣ್ಣ ಮುಂದೆ ಆಗಲೇ ಬಾವಿಗೆ ಪಂಪ್‌ಸೆಟ್ ಬಂದು ಕೂತಿತ್ತು. ಅತ್ತೆ ಒಂದೇ ಮಾತು ಹೇಳಿದಳು, ಅದು ಮಗೀಂದು ಕಣಪ್ಪಾ ಎಂದು. ಯಾವ ಮಗು, ಎಲ್ಲಿದೆ ಮಗು ಎಂದು ಅಪ್ಪ ರೇಗಿದ. ಅತ್ತೆ ಕಲ್ಲಿನ ಮೇಲಿಂದ ಎದ್ದು ಪಕ್ಕಕ್ಕೆ ನಿಂತಳು. ಮನೆ ತಮ್ಮನದು, ಅವಳಿಗೆ ಗೊತ್ತಿತ್ತು.

ಹಗೇವು ತೆಗೆಯುವುದಕ್ಕೊಂದು ಕ್ರಮವಿದೆ. ಕಲ್ಲು ಸರಿಸಿ ಒಂದು ದಿನವಾದರೂ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇನ್ನೂ ಕಾಯಬೇಕು. ಒಳಗೆ ನಿಂತ ಗಾಳಿ ವಿಷ. ಇದು ಅಪ್ಪನಿಗೆ ತಿಳಿಯದ್ದಲ್ಲ. ಆದರೆ ಗಾಡಿಗಳು ನಿಂತಿವೆ, ಮಂಡಿಯವನು ಹೊತ್ತಾಯಿತು ಎನ್ನುತ್ತಿದ್ದಾನೆ, ಕೈಯಲ್ಲಿ ಗಡಿಯಾರ ಬೇರೆ. ಕಲ್ಲು ಸರಿಸಿದ್ದೇ ತಡ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದೇಬಿಟ್ಟ.

ಅತ್ತೆ ಬಾಯಿಯ ಹತ್ತಿರ ಬಗ್ಗಿ ಅವನ ಹೆಸರು ಕರೆದಳು. ಉತ್ತರ ಬರಲಿಲ್ಲ. ಹಗ್ಗ ಹಿಡಿದಿದ್ದ ಇಬ್ಬರು ಆಳುಗಳು ಅವಳ ಮುಖ ನೋಡಿದರು. "ಎಳೀರಿ," ಅಂದಳು. ಅಪ್ಪ ಹೊರಗೆ ಬಂದಾಗ ಅವನ ತಲೆ ಎದೆಯ ಮೇಲೆ ಜೋತುಬಿದ್ದಿತ್ತು. ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೆ. ಅಪ್ಪ ಸತ್ತ ಎಂದೇ ತಿಳಿದಿದ್ದೆ. ಅತ್ತೆ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಚಿಮುಕಿಸಿ ಸೆರಗಿನಿಂದ ಗಾಳಿ ಹಾಕುತ್ತಾ ಮೆಲ್ಲಗೆ ಹೇಳುತ್ತಲೇ ಇದ್ದಳು, "ತಾಳಪ್ಪಾ, ತಾಳು. ಎಲ್ಲಿಗೂ ಓಗ್ಬ್ಯಾಡ." ಕೊನೆಗೂ ಅಪ್ಪ ಕೆಮ್ಮಿದ. ಕಣ್ಣು ಬಿಟ್ಟವನು ಮೊದಲು ಕೇಳಿದ್ದು, ಗಾಡಿಯವರು ಹೋದರಾ ಎಂದು. ಅಮ್ಮನಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು.

ಗಾಡಿಗಳು ಹೋಗಿದ್ದವು. ಆಳುಗಳು ಹಗೇವಿನ ಕಡೆ ನೋಡಲೂ ಹೆದರಿ ನಿಂತಿದ್ದರು. ಅತ್ತೆ ಹೊತ್ತು ಕಳೆಯದೆ ಕಲ್ಲು ಮುಚ್ಚಿಸಿ ತಾನೇ ಮಣ್ಣು ಕಲಸಿದಳು. ತೆಗೆದದ್ದು ಗಳಿಗೆ ಹೊತ್ತು, ಒಳಗಿನ ಗಾಳಿ ಇನ್ನೂ ಕದಲಿಲ್ಲ, ತನ್ನ ತಮ್ಮನನ್ನು ಕೆಡವಿದ ಗಾಳಿಯೇ ರಾಗಿಯನ್ನು ಕಾಯುತ್ತದೆ ಎಂದಳು. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಹುಳು ಸಾಕಲು ಅದೇ ಅಂಗಳದಲ್ಲಿ ಹುಳುಮನೆ ಕಟ್ಟಿಸಿದಾಗ ಗೋಡೆಯನ್ನು ಒಂದು ಮಾರು ಮುಂದಕ್ಕೆ ಎಳೆಸಿ, ಚಪ್ಪಡಿ ಕಲ್ಲನ್ನು ಒಳಗಿನ ಮೂಲೆಯಲ್ಲಿ ಹಾಗೇ ಉಳಿಸಿದ.

ಅಂದಿನಿಂದ ಅತ್ತೆಯ ಚಾಪೆ ಆ ಕಲ್ಲಿನ ಮೇಲೆ. ದೊಡ್ಡ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುಗಳು ಸೊಪ್ಪು ತಿನ್ನುವ ಸದ್ದು ಮಳೆ ಸುರಿದ ಹಾಗೆ ಕೇಳಿಸುತ್ತದೆ. ಮಧ್ಯಾಹ್ನ ಶಾಲೆ ಇಲ್ಲದ ದಿನ ನಾನೂ ಅವಳ ಪಕ್ಕ ಮಲಗುತ್ತಿದ್ದೆ. ಮೇಲೆ ತಟ್ಟೆಗಳಲ್ಲಿ ತಿಂಗಳು ತುಂಬುವುದರೊಳಗೆ ಮುಗಿದುಹೋಗುವ ಹುಳುಗಳ ಅವಸರ, ಕೆಳಗೆ ತಣ್ಣಗೆ ನಿದ್ದೆ ಹೋದ ರಾಗಿ, ನಡುವೆ ನಾವಿಬ್ಬರು. ಕಿವಿಯನ್ನು ಕಲ್ಲಿಗೆ ಒತ್ತಿದರೆ ಏನೋ ಉಸಿರಾಡಿದಂತೆ ಅನಿಸುತ್ತಿತ್ತು. ನನ್ನದೇ ಉಸಿರಿರಬೇಕು. ಆ ಮಧ್ಯಾಹ್ನಗಳಲ್ಲಿ ನಾನು ಎಷ್ಟು ವರ್ಷದವಳು ಎನ್ನುವುದೇ ನನಗೆ ಮರೆತುಹೋಗುತ್ತಿತ್ತು.

ನನ್ನ ಮದುವೆಯನ್ನು ಅತ್ತೆ ನೋಡಲಿಲ್ಲ. ಅದರ ಹಿಂದಿನ ವರ್ಷ ಒಂದು ಬೆಳಿಗ್ಗೆ ಅಮ್ಮ ಕಾಫಿ ತೆಗೆದುಕೊಂಡು ಹೋದಾಗ ಕೂಗಿಲ್ಲದೆ ಮಲಗಿದ್ದಳು. ಕೂಗಿಲ್ಲದ್ದರಿಂದಲೇ ಅಮ್ಮನಿಗೆ ತಿಳಿಯಿತು. ಅವಳ ಒಂದು ಕೈ ಚಾಪೆಯಿಂದ ಜಾರಿ ಕಲ್ಲಿನ ಮೇಲಿತ್ತು.

ನನ್ನನ್ನು ದೊಡ್ಡಬಳ್ಳಾಪುರಕ್ಕೆ ಕೊಟ್ಟರು. ಗಂಡನಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಚೊಚ್ಚಲ ಬಾಣಂತನಕ್ಕೆ ಊರಿಗೆ ಬಂದೆ, ಹೆಣ್ಣು ಮಗು. ಮಗುವಿಗೆ ಐದು ತಿಂಗಳು ತುಂಬಿ ಸರಿ ತಿನ್ನಿಸುವ ಕಾಲಕ್ಕೆ ಬಂದಾಗ ಅಪ್ಪ ಯಾರಿಗೂ ಹೇಳದೆ ಹುಳುಮನೆಯಿಂದ ತಟ್ಟೆಗಳನ್ನೆಲ್ಲ ಹೊರಗೆ ಸಾಗಿಸಿದ್ದ. ಕಲ್ಲು ಸರಿಸಿ, ಒಳಗೆ ಯಾರೂ ಕಾಲಿಡಬಾರದೆಂದು ಬಾಗಿಲಲ್ಲಿ ತಾನೇ ಕೂತ. ಮಾರನೆಯ ದಿನ ದೀಪ ಇಳಿಸಿದ, ಆರಿತು. ಎರಡು ಸಲ ಆರಿತು. ಅವನ ಕೈಗಡಿಯಾರ ಗೋಡೆಯ ಗೂಡಿನಲ್ಲಿ ಬಿದ್ದಿತ್ತು. ಮೂರನೆಯ ಸಲ ದೀಪ ರಾಗಿಯ ಮಟ್ಟಕ್ಕೆ ಇಳಿದ ಮೇಲೂ ಉರಿಯಿತು.

ಗೋಡೆಗೆ ತಾಗಿದ ರಾಗಿ ಕಪ್ಪಾಗಿ ಮುಗ್ಗಿತ್ತು. ನಡುವಿನದು ಹಾಗೇ ಇತ್ತು, ಬಣ್ಣ ಮಾತ್ರ ಸ್ವಲ್ಪ ಮಾಸಿತ್ತು. ಅಪ್ಪ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದ. ಕಟಕ್ ಎಂದಿತು. ಮೊದಲ ಮೊರವನ್ನು ತಾನೇ ತುಂಬಿ ಅಮ್ಮನ ಕೈಗೆ ಕೊಟ್ಟ. ಅಮ್ಮ ರಾಗಿಯನ್ನು ನೆನೆಸಿ, ರುಬ್ಬಿ, ಬಿಳಿ ಬಟ್ಟೆಯಲ್ಲಿ ಹಾಲು ಹಿಂಡಿ, ಸಣ್ಣ ಉರಿಯಲ್ಲಿ ಸರಿ ಕಾಯಿಸಿದಳು. ಒಲೆಯ ಮುಂದೆ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಹಾಲುಹಲ್ಲು ಬೀಳುತ್ತಿದ್ದ ನನ್ನನ್ನು ನೋಡಿ ಆಗಲೇ ಈ ಮಗುವನ್ನು ಕಂಡಿದ್ದ ಪಿಳ್ಳಮ್ಮತ್ತೆ ಇದು ಹುಟ್ಟಿದ ಮೇಲೆ ನೋಡಲು ಇರಲಿಲ್ಲವಲ್ಲ ಎನ್ನುವ ಸಂಕಟ ಅದು.

ಮಗು ಮೊದಲ ಚಮಚವನ್ನು ಚಪ್ಪರಿಸಿತು. ಎರಡನೆಯದನ್ನು ಆರಿಸಲು ನಾನು ಊದುತ್ತಿದ್ದೆ, ಅಷ್ಟೂ ತಡೆಯದೆ ಕಾಲು ಝಾಡಿಸಿ ಕಿರುಚಿಕೊಂಡಿತು. ಕಾಫಿ ತಡವಾದರೆ ಅತ್ತೆ ಹಾಕುತ್ತಿದ್ದ ಕೂಗೇ. ಅಮ್ಮ ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಜೀವಮಾನವೆಲ್ಲ ಆತುರಪಟ್ಟ ನಮ್ಮಪ್ಪ ಮೊಮ್ಮಗಳ ಪುಟ್ಟ ಪಾದ ಹಿಡಿದುಕೊಂಡು, "ತಾಳವ್ವಾ, ತಾಳು," ಅಂದ.