ಬಾವಿಯ ಕೌದಿ

ಕರ್ಜಗಿಯ ನಬಿಸಾಬ ಬಾವಿ ತೋಡುವವನು, ಅವನ ಹೆಂಡತಿ ಕುಲ್ಸುಮಬಿ ಕೌದಿ ಹೊಲಿಯುವವಳು. ಊರಿನ ಹಳೆ ಸೀರೆ, ಧೋತರಗಳೆಲ್ಲ ಒಂದಲ್ಲ ಒಂದು ದಿನ ಅವಳ ಪಡಸಾಲೆಗೆ ಬಂದು ಬೀಳುತ್ತಿದ್ದವು. ಅತ್ತೆ ಕಲಿಸಿದಂತೆ ಅವನ್ನು ಚೌಕ ಚೌಕವಾಗಿ ಕತ್ತರಿಸಿ, ಪದರದ ಮೇಲೆ ಪದರವಿಟ್ಟು ಹೊಲಿದು ಕೊಡುತ್ತಿದ್ದಳು.

೧೯೮೬ರ ಬೇಸಿಗೆಯಲ್ಲಿ ನಬಿಸಾಬ ಅಂದಾನೆಪ್ಪನ ಹೊಲದಲ್ಲಿ ಬಾವಿ ತೆಗೆಯುತ್ತಿದ್ದ. ಅದೇ ಹೊತ್ತಿಗೆ ಅಂದಾನೆಪ್ಪನ ಹೆಂಡತಿ ಗದಿಗೆವ್ವ, ಬಾಣಂತನಕ್ಕೆ ಬರಲಿದ್ದ ಮಗಳಿಗಾಗಿ ಒಂದು ಕೌದಿ ಹೇಳಿದ್ದಳು. ಒಂದು ಮಧ್ಯಾಹ್ನ ಬುತ್ತಿ ಒಯ್ದ ಕುಲ್ಸುಮಬಿ ದಂಡೆಯ ಮೇಲೆ ಕೂತು ಬಾವಿಯೊಳಗೆ ಇಣುಕಿದಳು. ಬಿಸಿಲು ನೇರ ಕೆಳಗಿಳಿದಿತ್ತು. ಮೇಲೆ ಎರೆಮಣ್ಣು, ಅದರಡಿ ಸುಣ್ಣದ ಹರಳು ಬೆರೆತ ಬೂದುಮಣ್ಣು, ಆಮೇಲೆ ಅರಿಸಿನದಂಥ ಗರಸು, ತಳದಲ್ಲಿ ಹಾಳೆ ಹಾಳೆಯಾಗಿ ಏಳುವ ಹಸಿರು ಕಲ್ಲು. ಆ ಹಸಿರನ್ನು ಓರೆಯಾಗಿ ಸೀಳಿಕೊಂಡು ಬೆಣಚುಕಲ್ಲಿನ ಬಿಳಿ ಗೆರೆಯೊಂದು ಹೋಗಿತ್ತು.

“ಏನ್ ನೋಡಾಕತ್ತೀ? ಬುತ್ತಿ ಇಳಸು!” ನಬಿಸಾಬ ಕೆಳಗಿನಿಂದ ಕೂಗಿದ.

“ನೀ ದಿನಾ ಕೌದಿಯೊಳಗ ಇಳೀತೀ ಅಂತ ಒಮ್ಮೆನೂ ಹೇಳಲಿಲ್ಲಲ್ಲ!” ಎಂದಳು ಅವಳು.

ಮನೆಗೆ ಬಂದವಳೇ ಚೌಕಗಳನ್ನು ಬದಿಗೆ ಸರಿಸಿದಳು. ಕಪ್ಪು ಇಳಕಲ್ ಸೀರೆ ಎರೆಮಣ್ಣಾಯಿತು. ಗರಸಿಗೆ ಮಾಸಿದ ಹಳದಿ ಲಂಗ ಸಿಕ್ಕಿತು, ಕಲ್ಲಿಗೆ ನೆರೆಮನೆಯ ಪ್ರೇಮವ್ವನ ಹಸಿರು ಸೀರೆ. ಬೆಣಚಿನ ಗೆರೆಗೆ ಗಂಡನ ಪೈಜಾಮವನ್ನೇ ಹರಿದಳು. ಸಂಜೆ ಅವನು ಕಿಸೆಯಲ್ಲಿ ತಂದ ಕಲ್ಲಿನ ಚೂರುಗಳನ್ನು ಬಟ್ಟೆಯ ಪಕ್ಕ ಹಿಡಿದು ಬಣ್ಣ ಹೊಂದಿಸುತ್ತಿದ್ದಳು. ಕೆಳಗಿನ ಅಂಚಿಗೆಂದು ನೀಲಿ ಸೆರಗೊಂದನ್ನು ತೆಗೆದಿಟ್ಟಿದ್ದಳು. ನೀರು ಬಿದ್ದ ದಿನ ಓಡಿಹೋಗಿ ನೋಡಿದರೆ, ಅದು ಕಲ್ಲುಪುಡಿ ಕಲಸಿಕೊಂಡು ಬೂದಿ ಕದಡಿದಂತಿತ್ತು. ನೀಲಿ ಬಿಟ್ಟು ಮಾಸಲು ಧೋತರವನ್ನೇ ಹಚ್ಚಿದಳು.

ಗದಿಗೆವ್ವ ಕೌದಿ ಬಿಚ್ಚಿ ಮುಖ ಸಿಂಡರಿಸಿದಳು. “ಇದೇನ ಕುಲ್ಸುಮಬಿ, ಡೊಂಕ ಡೊಂಕ ಹೊಲದೀಯಲ್ಲ! ಕೂಸಿಗೆ ಹಾಸೂದು, ಗುಲಾಬಿ ಇಲ್ಲ, ಕೆಂಪಿಲ್ಲ. ಬರೇ ಮಣ್ಣ.”

“ಬ್ಯಾಡಂದ್ರ ಬ್ಯಾರೆ ಹೊಲದ ಕೊಡ್ತೇನ್ರಿ. ಇದು ನನಗ ಇರ್ಲಿ,” ಎಂದು ಕುಲ್ಸುಮಬಿ ಮಡಚತೊಡಗಿದಳು. ಬೇಜಾರಾಗಿತ್ತು, ಆದರೆ ತನ್ನ ಮನೆಯಲ್ಲೇ ಉಳಿಯುತ್ತದೆ ಎಂಬ ಸಣ್ಣ ಆಸೆಯೂ ಇತ್ತು.

ಅಷ್ಟರಲ್ಲಿ ಒಳಬಂದ ಅಂದಾನೆಪ್ಪ, “ತಡಿ, ತಡಿ” ಎಂದು ಅದನ್ನು ಮಂಚದ ಮೇಲೆ ಹರವಿ ಬಿಳಿ ಗೆರೆಯುದ್ದಕ್ಕೂ ಬೆರಳಾಡಿಸಿದ. “ಈ ಬೆಣಚಿಗೇ ಅಲ್ಲೇನ ನಮ್ಮ ಕಬ್ಬಿಣದ ಹಾರಿ ಮುರದದ್ದು? ಏ, ಇದು ನಮ್ಮ ಬಾವಿ ಐತಿ, ನೋಡಿಲ್ಲಿ!”

ತಲೆ ತಿರುಗುತ್ತದೆಂದು ಗದಿಗೆವ್ವ ಅಲ್ಲಿಯವರೆಗೆ ಬಾವಿಯೊಳಗೆ ಇಣುಕಿಯೇ ಇರಲಿಲ್ಲ. ಸಂಜೆ ಗಂಡನ ಕೈ ಹಿಡಿದು ನೋಡಿ ಬಂದಳು. “ಖರೇನ ಐತವ್ವಾ,” ಎಂದಳು, “ಆದ್ರೂ ಸುತ್ತ ಒಂದು ಕೆಂಪು ಅಂಚು ಹಚ್ಚು.” ಕುಲ್ಸುಮಬಿ ಹಚ್ಚಿದಳು. ಮಗಳು ಗಂಡನ ಮನೆಗೆ ಹೋಗುವಾಗ ತೊಟ್ಟಿಲನ್ನು ಬಿಟ್ಟರೂ ಕೌದಿಯನ್ನು ಬಿಡಲಿಲ್ಲ.

ಆಮೇಲೆ ಬಾವಿ ತೆಗೆಸಿದವರೆಲ್ಲ ತಮ್ಮ ಬಾವಿಯ ಕೌದಿ ಕೇಳತೊಡಗಿದರು. ತೊಂಬತ್ತರ ನಂತರ ಬೋರಿನ ಯಂತ್ರಗಳು ಬಂದು ತೋಡುವ ಕೆಲಸ ಕಡಿಮೆಯಾಯಿತು. ನಬಿಸಾಬ ಹಳೆ ಬಾವಿಗಳಿಗೆ ಕಲ್ಲು ಕಟ್ಟತೊಡಗಿದ. ರಾಣೆಬೆನ್ನೂರಿನ ಬೀಜದ ವ್ಯಾಪಾರಿ ನಿಜಲಿಂಗಪ್ಪ ತನ್ನ ಬೋರಿನ ಕೌದಿ ಬೇಕೆಂದ. ಇಣುಕಲು ಅಲ್ಲಿ ಗೋಡೆ ಎಲ್ಲಿದೆ? ಗಂಡಹೆಂಡತಿ ಬಸ್ಸು ಹತ್ತಿ ಹೋಗಿ, ಯಂತ್ರದ ಸದ್ದಿಗೆ ಕಿವಿ ಮುಚ್ಚಿಕೊಂಡು ಕೂತು, ಅದು ಉಗುಳುತ್ತಿದ್ದ ಪುಡಿಯ ಬಣ್ಣ ಬದಲಾದಾಗಲೆಲ್ಲ ಚಿಟಿಕೆಯಷ್ಟನ್ನು ಗಂಟು ಕಟ್ಟಿ ತಂದರು.

ಹೊಲಿದು ಮುಗಿದ ಕೌದಿಯನ್ನು ನಿಜಲಿಂಗಪ್ಪ ಹಾಸಿದರೆ ಅದು ಮಂಚ ದಾಟಿ ಬಾಗಿಲ ತನಕ ಹೋಯಿತು.

“ಇಷ್ಟ ಉದ್ದ ಯಾಕವ್ವಾ?”

“ನಿಮ್ಮ ನೀರು ಭಾಳ ಕೆಳಗ ಐತ್ರಿ, ನಾ ಏನ್ ಮಾಡ್ಲಿ?” ಎಂದು ಕುಲ್ಸುಮಬಿ ಸೆರಗು ಬಾಯಿಗಿಟ್ಟು ನಕ್ಕಳು.