ಮೀಸೆ ಬಂದ ನಾಯಕಿ

ಹೋದ ತಿಂಗಳು ಒಂದು ಭಾನುವಾರ ನಾನು ತೀರಿಕೊಂಡೆ.

ಗಾಬರಿಯಾಗಬೇಡಿ. ಈ ಅಂಕಣ ಬರೆಯುತ್ತಿರುವವನು ನಾನೇ. (ಸಂಪಾದಕರೂ ಗಾಬರಿಯಾಗಬಾರದು, ಬರಹ ಎಂದಿನಂತೆ ತಡವಾಗಿಯೇ ಟಪಾಲಿಗೆ ಬೀಳುತ್ತದೆ.) ಆದರೆ ದಾಂಡೇಲಿಯ ನಮ್ಮ ಕಾರ್ಖಾನೆ ಲೈನ್ ಮನೆಗಳ ಜನರನ್ನು ಕೇಳಿ ನೋಡಿ. ಆ ದಿನ ಬೆಳಿಗ್ಗೆ ಸುಮಾರು ಹೊತ್ತು ನಾನು ಈ ಲೋಕದಲ್ಲಿ ಇರಲಿಲ್ಲ. ಇದನ್ನು ಆಗಲೇ ಬರೆಯಬಹುದಿತ್ತು. ಬರೆಯಲಿಲ್ಲ, ಯಾಕೆಂದರೆ ಕಥೆ ಮುಗಿದಿರಲಿಲ್ಲ. ಈಗ ಮುಗಿದಿದೆ. ಸ್ವಲ್ಪ ಬಡಾಯಿಯೂ ಇದೆ, ಸಹಿಸಿಕೊಳ್ಳಿ.

ನಾನು ಮತ್ತು ನನ್ನ ಹೆಂಡತಿ ಶಾರದೆ ಮುಂಡಗೋಡಕ್ಕೆ ಹೋಗಿದ್ದೆವು. ಅಲ್ಲಿ ನನ್ನ ತಂಗಿಯ ಮಗುವಿನ ತೊಟ್ಟಿಲ ಕಾರ್ಯ. ಶನಿವಾರ ಸಂಜೆಯೇ ಮರಳಬೇಕಾದವರು ಮರಳಲಿಲ್ಲ. ಬಸ್ಸು ಹಳಿಯಾಳದ ಸ್ಟ್ಯಾಂಡಿಗೆ ಬಂದು, ಇನ್ನು ನನ್ನಿಂದಾಗದು ಎಂದು ಕೂತುಬಿಟ್ಟಿತು. ಅಲ್ಲೇ ಪರಿಚಯದವರ ಮನೆಯಲ್ಲಿ ಉಳಿದೆವು. ಇತ್ತ ದಾಂಡೇಲಿಯ ಮನೆಯಲ್ಲಿ ಇಬ್ಬರೇ: ನನ್ನ ಅವ್ವ, ಮತ್ತು ಹದಿನೈದು ವರ್ಷದ ನಮ್ಮ ಮಗ ವಸಂತ.

ಭಾನುವಾರ ಬೆಳಿಗ್ಗೆ ಈ ಮಹಾಶಯ ನನ್ನ ರೇಜರ್ ತೆಗೆದುಕೊಂಡು, ಆಗಷ್ಟೇ ಮೂಡಿದ್ದ ತನ್ನ ಮೀಸೆ ಬೋಳಿಸಿಕೊಂಡ. ಆಮೇಲೆ ಕೊಡ ಹಿಡಿದು ನೀರಿಗೆ ನಳದ ಕಟ್ಟೆಗೆ ಹೋದ.

ನಮ್ಮ ಕಡೆಯ ಓದುಗರಿಗೆ ಇಷ್ಟು ಸಾಕು, ಅವರು ಆಗಲೇ ಎದೆಯ ಮೇಲೆ ಕೈ ಇಟ್ಟುಕೊಂಡಿರುತ್ತಾರೆ. ಉಳಿದವರಿಗೆ ಬಿಡಿಸಿ ಹೇಳಬೇಕು. ಬೆಳಗಾವಿ ಕಡೆಯ ನಮ್ಮಂಥ ಹಳೆಯ ಮನೆತನಗಳಲ್ಲಿ ತಂದೆ ಬದುಕಿರುವವರೆಗೆ ಮಗ ಮೀಸೆ ತೆಗೆಯುವಂತಿಲ್ಲ. ತೆಗೆದನೆಂದರೆ ತಂದೆ ಹೋದ ಎಂದೇ ಲೆಕ್ಕ. ಪೇಟೆಯ ಕಾಲೇಜು ಹುಡುಗರು ಈಗ ಇದನ್ನೆಲ್ಲ ಕೇಳುವುದಿಲ್ಲ, ನಿಜ. ಆದರೆ ನಮ್ಮ ನಳದ ಕಟ್ಟೆಗೆ ಇನ್ನೂ ಕಾಲೇಜು ಬಂದಿಲ್ಲ.

ಅಲ್ಲಿ ಪಕ್ಕದ ಮನೆಯ ಶಾಂತಕ್ಕ ಇದ್ದರು. "ಯಾಕೋ ವಸಂತಾ, ಮೀಸಿ ಎಲ್ಲಿ?" ಅಂದರು. ಹುಡುಗ ಮಾತಾಡಲಿಲ್ಲ. ತುಟಿಯ ಮೇಲೆ ಕೊಯ್ದ ಗಾಯ, ಸಾಬೂನು ಹೋಗಿ ಕೆಂಪಾದ ಕಣ್ಣು. "ಅಪ್ಪ ಬಂದನೇನೋ ಊರಿಂದ?" ಹುಡುಗ ಇಲ್ಲವೆಂದು ತಲೆ ಅಲ್ಲಾಡಿಸಿದ. ನೀವೇ ಹೇಳಿ, ಇನ್ನೇನು ಬೇಕು? ಶಾಂತಕ್ಕ ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಓಡಿದರು.

ಅವ್ವ ಹೊಸ್ತಿಲ ಹತ್ತಿರ ಕೂತು ಜೋಳ ಹಸನು ಮಾಡುತ್ತಿದ್ದಳು. "ಹಿಂಗ ಹೆಂಗಾತಬೇ ಯವ್ವಾ!" ಎಂದು ಶಾಂತಕ್ಕ ಅವಳ ಕೊರಳಿಗೆ ಬಿದ್ದರು. ಅವ್ವನಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದೆ ಕೊಡ ಹೊತ್ತು ಬಂದ ಮೊಮ್ಮಗನ ಮೇಲ್ದುಟಿ ಕಂಡಿತು. ಮುಗಿಯಿತು. ಜೋಳ ಅಂಗಳದ ತುಂಬ ಚೆಲ್ಲಿತು.

ಹುಡುಗ ಬಾಯಿ ಬಿಟ್ಟಿದ್ದು ಆಗ. "ಇಲ್ಲಬೇ ಆಯಿ, ಅಪ್ಪಗ ಏನೂ..." ಅನ್ನಲು ಹೋದ. ಮಾತು ಗಂಡು ದನಿಯಲ್ಲಿ ಶುರುವಾಗಿ ಮೇಕೆಮರಿಯ ದನಿಯಲ್ಲಿ ಮುಗಿಯಿತು. "ಅಳಬ್ಯಾಡ ನನ ಕೂಸ, ಅಳಬ್ಯಾಡ" ಎಂದು ಎಲ್ಲರೂ ಇನ್ನಷ್ಟು ಅತ್ತರು.

ಹಳಿಯಾಳದಿಂದ ಆ ಬೆಳಗಿನ ಮೊದಲ ಬಸ್ಸು ಹಿಡಿದು ಬಂದ ನಾವು ಓಣಿ ತಿರುಗಿದರೆ ಮನೆ ಮುಂದೆ ಜನವೋ ಜನ. ಅವ್ವನಿಗೆ ವಯಸ್ಸಾಗಿದೆ ನೋಡಿ. ಚೀಲ ಕೆಳಗಿಟ್ಟು, "ಯಾರು ಹೋದ್ರಿ?" ಎಂದು ಕೇಳಿದೆ.

ಜನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೊನೆಗೆ ಹಿಂದಿನಿಂದ ಒಬ್ಬರು ಮೆಲ್ಲಗೆ ಹೇಳಿದರು: "ನೀವ ರೀ."

ಅವ್ವ ಎದ್ದು ಬಂದು ನನ್ನ ಮುಖ, ಕಿವಿ, ಭುಜ ಎಲ್ಲ ಮುಟ್ಟಿ ನೋಡಿದಳು. ಖಾತ್ರಿಯಾದ ಮೇಲೆ ಮೊಮ್ಮಗನ ಬೆನ್ನಿಗೆ ಒಂದು ಕೊಟ್ಟಳು. ಆಮೇಲೆ ನನಗೂ ಒಂದು, ಶನಿವಾರ ಬರದಿದ್ದಕ್ಕೆ. ಕೆಟ್ಟು ನಿಂತ ಬಸ್ಸಿನ ಕಷ್ಟ ಆಮೇಲೆ ಯಾರೂ ಕೇಳಲಿಲ್ಲ, ನನ್ನ ಕಷ್ಟವನ್ನೂ.

ಈಗ ಅಸಲು ವಿಷಯಕ್ಕೆ ಬರೋಣ. ಹುಡುಗ ಮೀಸೆ ತೆಗೆದದ್ದೇಕೆ?

ನಮ್ಮ ಕಾರ್ಖಾನೆಯ ಕೆಲಸಗಾರರು ವರ್ಷಕ್ಕೊಂದು ನಾಟಕ ಆಡುತ್ತಾರೆ. ಹೆಂಗಸರು ಸ್ಟೇಜ್ ಹತ್ತುವುದಿಲ್ಲ, ಹೆಣ್ಣಿನ ಪಾರ್ಟನ್ನೂ ಗಂಡಸರೇ ಮಾಡಬೇಕು. ಮೂರು ವರ್ಷಗಳಿಂದ ನಮ್ಮ ನಾಯಕಿ ಯಾರು? ವಸಂತ. ಹನ್ನೆರಡರ ಪೋರ ಶಾಂತಕ್ಕನ ಹಸಿರು ಸೀರೆ ಉಟ್ಟು ಹಾಡತೊಡಗಿದರೆ ಜನ ಬೀಡಿ ಹಚ್ಚುವುದನ್ನು ಮರೆಯುತ್ತಿದ್ದರು. ಪಕ್ಕದ ಅಂಬೇವಾಡಿಯ ಹೆಂಗಸರು ನಾಟಕ ಮುಗಿದ ಮೇಲೆ ಪರದೆ ಸರಿಸಿ, ಇದು ಹುಡುಗನೋ ಹುಡುಗಿಯೋ ಎಂದು ನೋಡಿ ಹೋಗುತ್ತಿದ್ದರು. ಊರಲ್ಲಿ ಅವನಿಗೊಂದು ಹೆಸರಿತ್ತು ಸ್ವಾಮಿ. ಆ ವಯಸ್ಸಿಗೆ ನನಗೆ ಇದ್ದದ್ದು ಉಬ್ಬಸ ಒಂದೇ.

ಈ ವರ್ಷ ತಾಲೀಮು ಶುರುವಾಗುವ ಹೊತ್ತಿಗೆ ತುಟಿಯ ಮೇಲೆ ಕಪ್ಪು ಗೆರೆ ಬಂತು. ಅದರ ಬೆನ್ನಿಗೇ ದನಿ ಒಡೆಯಿತು. ಮೊದಲ ಹಾಡಿನಲ್ಲೇ ಗಂಟಲು ಕೈಕೊಟ್ಟಾಗ ದೊಡ್ಡ ಗಂಡಸರು ಹೊಟ್ಟೆ ಹಿಡಿದು ನಕ್ಕರು. "ನಾಯಕಿಗೆ ಮೀಸಿ ಬಂದಾವ್ರೋ!" "ಇನ್ನ ಇಕೀನ್ನ ಯಾರಿಗೆ ಕೊಡೂದು?"

ಅಂದಿನಿಂದ ಅವನು ಮಾತು ಬಿಟ್ಟ. ಅನ್ನ ಬೇಕಾದರೆ ತಾಟು ಮುಂದೆ ಸರಿಸುವುದು, ಬೇಡವಾದರೆ ಅಂಗೈ ಅಡ್ಡ ಹಿಡಿಯುವುದು. ಪರೀಕ್ಷೆಯ ಚಿಂತೆ ಇರಬೇಕು ಅಂದುಕೊಂಡೆ ನಾನು. "ಪರೀಕ್ಷೆ ಬರೂದು ಮಾರ್ಚಿನ್ಯಾಗ ರೀ" ಎಂದಳು ಶಾರದೆ. ನಮ್ಮ ಮನೆಯ ಗೇಣುದ್ದದ ಕನ್ನಡಿಯನ್ನು ಅವನು ದಿನಕ್ಕೆ ಎಷ್ಟು ಸಲ ಗೋಡೆಯಿಂದ ಇಳಿಸುತ್ತಾನೆ, ಎಷ್ಟು ಸಲ ಬೆನ್ನು ಮಾಡಿ ಇಡುತ್ತಾನೆ ಎಂಬುದನ್ನೆಲ್ಲ ಅವಳು ನೋಡಿದ್ದಳು.

ನಾನು ಸತ್ತು ಬದುಕಿದ ಆ ಸಂಜೆ ಅವನನ್ನು ಕರೆದುಕೊಂಡು ಕಾಳಿ ಹೊಳೆಯ ಕಡೆ ಹೋದೆ. ಬಿದಿರು ತುಂಬಿದ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಲಾರಿಯ ಸದ್ದು ಬಂದಾಗ ಮಾತ್ರ ಅವನು ಮಾತಾಡುತ್ತಿದ್ದ. ಒಡೆದ ದನಿ ಅದರಲ್ಲಿ ಮುಚ್ಚಿಹೋಗಲಿ ಎಂದು.

"ಅಪ್ಪಾ, ವಾಲಿಬಾಲ್ ಆಡಾಕ ಹೋದ್ರ ‘ಅಕ್ಕಾವ್ರು ಬಂದ್ರು’ ಅಂತ ನಗತಾರ. ತಾಲೀಮಿಗೆ ಹೋದ್ರ ‘ಮೀಸಿ ಬಂತು’ ಅಂತ ನಗತಾರ. ನಾ ಎಲ್ಲಿ ಹೋಗ್ಲಿ?"

ಇನ್ನೊಂದು ಲಾರಿ ಬರುವವರೆಗೆ ಕಾದ.

"ನನ್ನ ಮಾರಿ ನನಗ ಸೇರವಲ್ದು. ನನ್ನ ಧ್ವನಿ ನನ್ನ ಮಾತ ಕೇಳವಲ್ದು."

"ಹಂಗಾರ ಪಾರ್ಟ್ ಬಿಡತೀ ಏನು?" ಎಂದು ಕೇಳಿದೆ.

"ಬಿಡಂಗಿಲ್ಲ" ಅಂದ. ಆಗ ರಸ್ತೆಯಲ್ಲಿ ಲಾರಿ ಇರಲಿಲ್ಲ.

ಓದುಗರೇ, ಒಂದು ಮಾತು ಕೇಳುತ್ತೇನೆ. ಹುಡುಗಿ ದೊಡ್ಡವಳಾದರೆ ನಮ್ಮಲ್ಲಿ ಏನೆಲ್ಲ ಮಾಡುತ್ತೇವೆ! ಹೊಸ ಸೀರೆ, ಆರತಿ, ಹಾಡು, ಕೊಬ್ಬರಿ ಬೆಲ್ಲ. (ಆಮೇಲೆ ಅವಳನ್ನು ಒಳಗೆ ಕೂರಿಸುತ್ತೇವೆ, ಆ ಜಗಳ ಇನ್ನೊಂದು ದಿನ ಆಡೋಣ.) ಹುಡುಗ ದೊಡ್ಡವನಾದರೆ? ನಗುತ್ತೇವೆ. ಅಷ್ಟೇ. ನೀರು ತರಲು ಅವನು ಗಂಡಸು, ಚಹಾ ಕೇಳಿದರೆ ಕೂಸು. ಮುಖದ ಮೇಲೆ ಮೊಡವೆ ಎದ್ದರೆ ಬೀಗರ ಮುಂದೆ ತೋರಿಸಿ ನಗುತ್ತೇವೆ. ಪೈಜಾಮ ಗಿಡ್ಡವಾದರೆ ದರ್ಜಿ ನಗುತ್ತಾನೆ. ತನ್ನ ಕೈಕಾಲು ತನಗೇ ಪರಕೀಯವಾಗಿರುವ ದಿನಗಳಲ್ಲಿ ಅವನಿಗೆ ಯಾರಾದರೂ ಒಂದು ಒಳ್ಳೆಯ ಮಾತು ಹೇಳುತ್ತಾರೆಯೇ?

ಇರಲಿ. ನಾಟಕದ ಮಾಸ್ತರು ನಾರಾಯಣರಾಯರ ಹತ್ತಿರ ಹೋದೆವು. ಹಗಲು ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ಕೆಲಸ, ಸಂಜೆ ಹಾರ್ಮೋನಿಯಂ. ನಾಟಕ ಬರೆದವರೂ ಅವರೇ. ಇನ್ನೊಬ್ಬ ನಾಯಕಿಯನ್ನು ಹುಡುಕಲು ಹೊತ್ತಿರಲಿಲ್ಲ. ತಲೆ ಕೆರೆದುಕೊಂಡು ಒಂದು ಉಪಾಯ ಹೇಳಿದರು.

"ಸಿನೆಮಾದಾಗ ಮಾಡಂಗಿಲ್ಲೇನ್ರಿ? ಪ್ಲೇಬ್ಯಾಕ್! ಪರದೆ ಹಿಂದ ಕುಂತು ನಮ್ಮಾಕಿ ಹಾಡ್ತಾಳ. ನೀ ಬರೇ ತುಟಿ ಆಡಸು."

"ಮತ್ತ ಮಾತು?" ಎಂದೆ.

"ಮಾತು ಸಣ್ಣಗ ಆಡಲಿ. ಉಳಿದದ್ದ ಸೆರಗ ನೋಡಕೋತೈತಿ."

ವಸಂತ ತಲೆ ಅಲ್ಲಾಡಿಸಿ ಒಪ್ಪಿದ. ಪಾರ್ಟ್ ಉಳಿಯಿತಲ್ಲ, ಅಷ್ಟೇ ಅವನಿಗೆ ಬೇಕಾಗಿತ್ತು.

ನಾಟಕದ ದಿನ ಮತ್ತೆ ಮೀಸೆಯ ಪ್ರಶ್ನೆ. ಅವ್ವ ಒಂದು ಷರತ್ತಿನ ಮೇಲೆ ಅನುಮತಿ ಕೊಟ್ಟಳು. "ಅಪ್ಪನ್ನ ಮುಂದ ಕುಂಡ್ರಿಸಿಕೊಂಡು ತಗೀ. ಬಾಗಲಾ ತಗದಿರಲಿ. ನಾಕ ಮಂದಿಗೆ ಅಂವ ಕಾಣಬೇಕು." ಹೀಗೆ ನಾನು ಬಾಗಿಲಿಗೆ ನೇರವಾಗಿ ಸ್ಟೂಲಿನ ಮೇಲೆ ಜೀವಂತ ಕೂತೆ. ಹೋಗಿಬರುವವರಿಗೆಲ್ಲ ನಮಸ್ಕಾರ ಮಾಡುತ್ತ, ಬ್ಲೇಡನ್ನು ಯಾವ ಓರೆಗೆ ಹಿಡಿಯಬೇಕು, ಮೂಗಿನ ಕೆಳಗೆ ಚರ್ಮ ಹೇಗೆ ಬಿಗಿ ಮಾಡಬೇಕು ಎಂದು ಮಗನಿಗೆ ತೋರಿಸಿದೆ. ಈ ಸಲ ಗಾಯ ಆಗಲಿಲ್ಲ.

ರಾತ್ರಿ ಪಾಳಿಯವರಿಗೂ ನೋಡಲು ಸಿಗಲಿ ಎಂದು ನಮ್ಮಲ್ಲಿ ನಾಟಕ ಸಂಜೆಯೇ ಶುರು. ಕಾರ್ಖಾನೆಯ ಭೋಂಗಾ ಕೂಗಿದ್ದೇ ಪರದೆ ಮೇಲೆ ಹೋಯಿತು. ಕಥೆ ಸರಳ. ತಾಯಿಯಿಲ್ಲದ ತಮ್ಮನನ್ನು ಸಾಕಿದ ಅಕ್ಕ ಗೌರಿ, ಆ ತಮ್ಮ ಹೊಳೆಯ ಪಾಲಾಗುತ್ತಾನೆ. ಗೌರಿ ನಮ್ಮ ವಸಂತ. ಮೊದಲ ಅಂಕದಲ್ಲಿ ತಮ್ಮನಿಗೆ ಊಟ ಮಾಡಿಸುವ ಹಾಡು. ಒಳಗಿಂದ ಮಾಸ್ತರ ಹೆಂಡತಿ ಹಾಡಿದರು, ಹೊರಗೆ ವಸಂತ ತುಟಿ ಆಡಿಸಿದ. ಜನಕ್ಕೆ ಗೊತ್ತೇ ಆಗಲಿಲ್ಲ. ಚಪ್ಪಾಳೆ, ಸಿಳ್ಳೆ, ಒನ್ಸ್ ಮೋರ್! ಅವನ ಮುಖ ಮಾತ್ರ ಸಪ್ಪಗಾಗಿತ್ತು. ಹೆತ್ತವನಿಗೆ ಅಷ್ಟು ತಿಳಿಯುತ್ತದೆ. ಆ ಚಪ್ಪಾಳೆ ತನ್ನದಲ್ಲ ಎಂದು ಅವನಿಗೆ ಗೊತ್ತಿತ್ತು.

ಕೊನೆಯ ಅಂಕ. ಹೊಳೆಯ ದಂಡೆ. ತಮ್ಮ ಹೋದ ಸುದ್ದಿ ಬಂದಿದೆ, ಗೌರಿ ಅವನನ್ನು ಕರೆದು ಹಾಡಬೇಕು. ಹಾರ್ಮೋನಿಯಂ ಶ್ರುತಿ ಕೊಟ್ಟಿತು. ವಸಂತ ಪರದೆಯ ಕಡೆ ತಿರುಗಿ, ಬೇಡ ಎಂದು ಕೈ ಮಾಡಿದ.

ಇದು ತಾಲೀಮಿನಲ್ಲಿ ಇರಲಿಲ್ಲ. ಮಾಸ್ತರು ಕಣ್ಣು ಬಿಟ್ಟರು.

"ತಮ್ಮಾ..." ಎಂದ. ಅರ್ಧ ಗಂಡಸಿನ ದನಿ, ಅರ್ಧ ಕೋಳಿಮರಿಯ ದನಿ. ವಾಲಿಬಾಲ್ ಗುಂಪು ಕೂತ ಕಡೆಯಿಂದ ನಗು ಎದ್ದು, ನೋಡನೋಡುತ್ತ ಎಲ್ಲ ಕಡೆ ಹಬ್ಬಿತು. ಎದ್ದು ಹೋಗಿ ಪರದೆ ಎಳೆದುಬಿಡಲೇ ಅನಿಸಿತು ನನಗೆ. ಶಾರದೆ ನನ್ನ ಧೋತರದ ಚುಂಗು ಹಿಡಿದು ಕೂರಿಸಿದಳು.

ಅವನು ಓಡಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿಯಲೂ ಇಲ್ಲ. ನಗುವವರನ್ನೇ ನೋಡುತ್ತ, ನಗು ಮುಗಿಯುವವರೆಗೆ ನಿಂತ. ಮುಗಿದ ಮೇಲೆ ಮೊದಲಿನಿಂದ ಶುರು ಮಾಡಿದ. ಹಾಡಲಿಲ್ಲ, ಹಾಡಿನ ಮಾತುಗಳನ್ನು ಬರಿದೇ ಆಡಿದ. ಊಟಕ್ಕೆ ಬಾ ತಮ್ಮಾ, ರೊಟ್ಟಿ ಆರುತ್ತದೆ ಎಂದು. ದನಿ ಒಡೆಯಿತು. ಒಡೆದಲ್ಲಿಂದ ಮತ್ತೆ ಎತ್ತಿಕೊಂಡ. ದಪ್ಪ, ಒರಟು, ನಾನು ಎಂದೂ ಕೇಳಿರದ ದನಿ. ಹಾರ್ಮೋನಿಯಂ ತಾನಾಗಿ ನಿಂತಿತು. ಯಾರೂ ನಗಲಿಲ್ಲ.

ನನ್ನ ಪಕ್ಕದಲ್ಲಿ, ಬಿದಿರು ಇಳಿಸುವ ಕೆಲಸಕ್ಕೆ ಬರುವ ಸಿದ್ದಿ ಹೆಂಗಸೊಬ್ಬಳು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ಕಣ್ಣು ಒರೆಸಿಕೊಂಡು ತನ್ನಷ್ಟಕ್ಕೇ ಅಂದಳು: "ಪಾಪ, ಅತ್ತು ಅತ್ತು ಆಕಿ ಧ್ವನೀನ ಹೋಗೈತಿ."

ಅದು ಆಕೆಯಲ್ಲ ತಾಯಿ, ನನ್ನ ಮಗ ಎಂದು ಕೂಗಿ ಹೇಳಬೇಕೆನಿಸಿತು. ಹೇಳಲಿಲ್ಲ. ಹೇಳಿದ್ದರೆ ನನ್ನ ದನಿಯೂ ಅವನದರಂತೆಯೇ ಒಡೆಯುತ್ತಿತ್ತು. ಹೆಮ್ಮೆಯಾಯಿತು. ಮುಚ್ಚಿಡುವುದೇಕೆ? ಅವನು ಇಂಪಾಗಿ ಹಾಡಿದ ಮೂರು ವರ್ಷಗಳಲ್ಲಿ ಒಮ್ಮೆಯೂ ಆಗದಷ್ಟು ಆಯಿತು. ಆ ಇಂಪು ದೇವರು ಕೊಟ್ಟದ್ದು. ಇದು ಅವನೇ ನಿಂತು ಗಳಿಸಿದ್ದು.

ನಾಟಕ ಮುಗಿದ ಮೇಲೆ ಮಾಸ್ತರು ಸಿಡುಕಿದರು. "ನನ್ನ ರಾಗ ಹಾಳ ಮಾಡಿದ್ಯಲ್ಲೋ ಹುಡುಗಾ!" ಆಮೇಲೆ ಶಾಲಿನಿಂದ ಮುಖ ಒರೆಸಿಕೊಂಡು, "ಬರೂ ವರ್ಷ ನಿನಗ ಅಪ್ಪನ ಪಾರ್ಟ್. ಮೀಸಿ ಬೆಳಸು" ಎಂದರು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ, ಬಹಳ ಮಂದಿಯ ದೃಷ್ಟಿ ತಾಗಿದೆ ಎಂದು ಬೈದಳು. ಬೈಯುವಾಗ ಮುಖ ಅರಳಿತ್ತು.

ಮರುದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ನಾನು ಪತ್ರಿಕೆ ಓದುತ್ತಿದ್ದೆ.

"ಯಾರು?" ಎಂದು ಒಳಗಿಂದಲೇ ಕೇಳಿದ ವಸಂತ. ಹಿಂದಿನ ತಿಂಗಳಾಗಿದ್ದರೆ ಕೇಳುತ್ತಿರಲಿಲ್ಲ, ನನ್ನ ತೋಳು ತಟ್ಟಿ ಬಾಗಿಲು ತೋರಿಸುತ್ತಿದ್ದ.

ಮುಚ್ಚಿದ ಬಾಗಿಲಿನ ಆಚೆಯಿಂದ ಉತ್ತರ ಬಂತು: "ನಾನ್ರಿ ಯಜಮಾನ್ರ, ಹಳಿಯಾಳದಿಂದ ಬೆಲ್ಲ ತಂದೀನ್ರಿ. ಎಲ್ಲಿ ಇಡ್ಲಿ ಹೇಳ್ರಿ."

ವಸಂತ ನನ್ನ ಕಡೆ ನೋಡಿದ. ನಾನು ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿ ಹಿಡಿದೆ.

"ಬಂದೆ, ತಡೀರಿ" ಎಂದು ಅವನು ಎದ್ದ.

ನಾನೇಕೆ ಏಳಲಿ? ಯಜಮಾನರು ಬಾಗಿಲಿಗೆ ಹೋಗಿದ್ದರಲ್ಲ!