ಕಪ್ಪು ಕಾಯಿಯ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಕೋಟುಗಳಿಗೆ ಗುಂಡಿ ತೂರಿಸುವ ಕಾಜಾಗಳನ್ನು ಕೈಯಿಂದ ಹಾಕುವವಳು. ಪಕ್ಕದಲ್ಲೇ ಗುಂಡಿ ಹೊಲಿಯುವವಳು ನಾನು. ಅವಳ ಕಣ್ಣು ಮಂಜಾಗುತ್ತಾ ಬಂದಿತ್ತು. ಸೊಟ್ಟ ಕಾಜಾ ಅಂತ ಇನ್ನೊಂದು ಕೋಟು ವಾಪಸು ಬಂದರೆ ಕೆಲಸ ಬಿಡಬೇಕೆಂದು ಯಜಮಾನರು ಖಡಾಖಂಡಿತವಾಗಿ ಹೇಳಿದ್ದರು. ಅವಳಿಗೆ ಬೇಕಿದ್ದದ್ದು ಬೆಳಕು. ಇಡೀ ಕೋಣೆಗೆ ಒಂದೇ ಕಿಟಕಿ, ಅದರ ಪಕ್ಕ ಕುರ್ಚಿ ಹಾಕಿಕೊಂಡಿದ್ದವನು ಕಟಿಂಗ್ ಮಾಸ್ಟರ್. ಅವನು ಬಟ್ಟೆ ಕತ್ತರಿಸುವ ಮೇಜು ಇದ್ದದ್ದು ಕೋಣೆಯ ನಡುವೆ, ದೊಡ್ಡ ದೀಪದ ಕೆಳಗೆ. ಕಿಟಕಿ ಬೇಕಾಗಿದ್ದದ್ದು ಕಾಲು ಚಾಚಿ ಟೀ ಕುಡಿಯಲು ಮಾತ್ರ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಜಾಗದ ಜಗಳವನ್ನು ಚೆಸ್ ಆಡಿ ತೀರಿಸಿಕೊಳ್ಳುವುದು ನಮ್ಮ ಕೋಣೆಯ ಹಳೆಯ ಪದ್ಧತಿ. ಜಾಗ ಹಿಡಿದವರಿಗೆ ಬಿಳಿ, ಕೇಳಿದವರಿಗೆ ಕಪ್ಪು. ಹಾಗಾಗಿ ಚಿಕ್ಕಮ್ಮ ಕಪ್ಪು ಕಾಯಿಯ ಆಟವನ್ನಷ್ಟೇ ಕಲಿತಳು. ಹಲಗೆಯ ನಡುಭಾಗವನ್ನು ಎದುರಾಳಿಗೇ ಬಿಟ್ಟುಕೊಟ್ಟು, ಆಮೇಲೆ ಪಕ್ಕದಿಂದ ಕೆಡವುವ ಆಟ ಅದು. ಹಳೆ ಪುಸ್ತಕವೊಂದರಲ್ಲಿ ಅದಕ್ಕೆ ‘ಹೈಪರ್‌ಮಾಡರ್ನ್ ರಕ್ಷಣೆ’ ಎಂಬ ಭಾರೀ ಹೆಸರಿತ್ತು. ಚಿಕ್ಕಮ್ಮ ಇಟ್ಟ ಹೆಸರು ‘ಬಾ ಮಗನೇ’.

ಒಂದು ದಿನ ಅವಳು ಕಿಟಕಿಯ ಜಾಗ ಕೇಳಿಯೇಬಿಟ್ಟಳು. ಊಟದ ಬಿಡುವಿನಲ್ಲಿ, ಕತ್ತರಿಸುವ ಮೇಜಿನ ಮೇಲೆ ಆಟ ಶುರುವಾಯಿತು. ಮಾಸ್ಟರ್ ರಾಜನ ಮುಂದಿನ ಕಾಲಾಳನ್ನು ನೂಕಿದ. ಇವಳು ಕುದುರೆ ಬಿಟ್ಟಳು. ಅದರ ಬೆನ್ನು ಹತ್ತಿ ಅವನು ಕಾಲಾಳುಗಳನ್ನು ನೂಕುತ್ತಲೇ ಹೋದ. ನಾಲ್ಕು ಕಾಲಾಳು ನಡುವೆ ಎದೆಯುಬ್ಬಿಸಿ ನಿಂತವು, ಕುದುರೆ ಪಕ್ಕಕ್ಕೆ ಓಡಿತು.

“ಏನಮ್ಮಾ, ಕುದುರೆಗೆ ಹೊಟ್ಟೆ ಕೆಟ್ಟಿದೆಯಾ? ಒಂದು ಕಡೆ ನಿಲ್ತಾನೇ ಇಲ್ಲ!” ಎಂದು ಹಲ್ಲು ಕಿರಿದ. ಎಲ್ಲರೂ ನಕ್ಕರು. ನನಗಂತೂ ಹಲಗೆ ಎತ್ತಿ ಅವನ ತಲೆಗೆ ಕುಕ್ಕುವಷ್ಟು ಸಿಟ್ಟು.

“ಆಡಿ ಮಾಸ್ಟರ್, ಟೀ ಆರಿಹೋಗುತ್ತೆ,” ಎಂದಳು ಚಿಕ್ಕಮ್ಮ.

ಆಮೇಲೆ ಅವಳ ಕಾಲಾಳುಗಳು ಎರಡೂ ಬದಿಯಿಂದ ಆ ಸಾಲನ್ನು ತಿವಿದವು. ಒಂಟೆ ದೂರದಿಂದಲೇ ಗುರಿಯಿಟ್ಟಿತು. ಮುಂದೆ ಬಂದ ಕಾಲಾಳಿಗೆ ಹಿಂದೆ ಹೋಗಲು ಬರುವುದಿಲ್ಲವಲ್ಲ, ಒಂದೊಂದಾಗಿ ಉದುರಿದವು. ಬಯಲಾದ ರಾಜನಿಗೆ ಮಂತ್ರಿ ಚೆಕ್ ಕೊಟ್ಟಿತು. ತಪ್ಪಿಸಿಕೊಳ್ಳಲು ಒಂದು ಮನೆಯೂ ಇರಲಿಲ್ಲ.

ಮಾಸ್ಟರ್ ಕಾಯಿಗಳನ್ನೆಲ್ಲ ಕೈಯಿಂದ ಕಲಸಿಬಿಟ್ಟ. “ಆಟ ಬೇರೆ, ಜಾಗ ಬೇರೆ. ಒಬ್ಬ ಹೆಂಗಸಿಗೆ ಸೋತು ಎದ್ದು ಹೋಗ್ತೀನಾ ನಾನು?”

ಎಲ್ಲರೂ ತಲೆ ತಗ್ಗಿಸಿ ಊಟದ ಡಬ್ಬಿಗೆ ಮುಚ್ಚಳ ಹಾಕತೊಡಗಿದರು. ನಗುವಾಗ ಅಷ್ಟಗಲ ತೆರೆದಿದ್ದ ಬಾಯಿಗಳು! ಥೂ!

ಚಿಕ್ಕಮ್ಮ ಕಿಟಕಿಯ ಬಳಿ ಹೋಗಿ ಅವನ ಕುರ್ಚಿಯನ್ನು ದರದರ ಎಳೆದು ತಂದು ಮೇಜಿನ ಹತ್ತಿರ ಕುಕ್ಕಿದಳು.

“ನಡುವೆ ನೀವೇ ಇರಿ ಮಾಸ್ಟರ್. ಆಟದಲ್ಲೂ ಅದನ್ನೇ ತಾನೆ ಕೊಟ್ಟಿದ್ದು?”

ಅವನು ನಮ್ಮ ಕಡೆ ನೋಡಿದ. ಕುರ್ಚಿ ವಾಪಸು ಇಡಲು ಒಬ್ಬರೂ ಏಳಲಿಲ್ಲ. ಚಿಕ್ಕಮ್ಮ ತನ್ನ ಸ್ಟೂಲು ಒಯ್ದು ಕಿಟಕಿಯ ಪಕ್ಕ ಕುಳಿತು, ಸೂಜಿಯನ್ನು ಬೆಳಕಿಗೆ ಹಿಡಿದಳು. ದಾರ ಮೊದಲ ಸಲಕ್ಕೇ ಒಳಗೆ ಹೋಯಿತು.